ಭಾನುವಾರದ ಹುಲ್ಲು

ಹುಲ್ಲಾ? ಹುಲ್ಲು ಕೊಡಬಾರದು ಅಂತೇನಿಲ್ಲ ಕಣಮ್ಮ ವಾಣಿ. ಮಿಷನ್ ಕೆಟ್ಟು ಕೂತೈತೆ, ಅದೇ ತಾಪತ್ರಯ. ಮೂರು ವಾರ ಆಯ್ತು. ಗರ್ ಅಂತದೆ, ನಿಂತೋಗ್ತದೆ... ಕುಡ್ಲು ಯಾಕೆ ತೋರಿಸ್ತೀಯ? ಓ, ಮಂಕರಿ ಜೊತೆ ಕುಡ್ಲೂ ತಂದ್ಬಿಟ್ಟಿದೀಯ. ಲಾನನ್ನ ಕುಡ್ಲಲ್ಲಿ ಕೊಯ್ಯಂಗಿಲ್ಲಮ್ಮ. ಒಂದ್ಕಡೆ ಬೋಳು, ಒಂದ್ಕಡೆ ಜುಟ್ಟು ಆಗ್ತದೆ. ಮೊದ್ಲು ಆ ಕಲ್ಲುಬೆಂಚಿನ ಮೇಲೆ ಕೂತ್ಕೊ. ಕರೂನ ಟೈಲ್ಸ್ ಮೇಲೇ ನಿಲ್ಲಿಸ್ಕೊ, ಹಗ್ಗ ಗಿಡ್ಡ ಹಿಡ್ಕೊ. ಚಪ್ಪಲಿ ಬಿಚ್ಚಿ ಬೆಂಚಿನ ಹತ್ರ ಇಟ್ಯಾ? ಒಳ್ಳೇದಾಯ್ತು. ನಗು, ನಗು. ಇಡೀ ಊರೇ ನಗ್ತದೆ, ಅಪ್ಪಯ್ಯಣ್ಣನ ಮನೆ ಹುಲ್ಲಿಗೆ ದೇವಸ್ಥಾನದ ಮಡಿ ಅಂತ.

ನಗ್ತಾ ಇಲ್ವಾ? ಸರಿ, ನಗಬೇಡ. ನಗೋ ಅಂಥ ಕಾಲ ಅಲ್ಲ ನಿಂದು.

ನಿಮ್ಮತ್ತೆ ಇನ್ನೂ ನಿನ್ನ ಕೈಯಿಂದ ಕಾಫಿ ಈಸ್ಕೊಳ್ತಿಲ್ವಂತೆ? ನಮ್ಮನೆಯೋಳು ಹೇಳಿದ್ಲು. ಕೊಟ್ಟಿಗೆ ಹೊಸಿಲು ತುಳೀಬೇಡ ಅಂದವ್ಳಂತೆ, ಈ ಕರು ಅಂಗಳದಲ್ಲಿ ಕಟ್ಟಿದ್ದಕ್ಕೆ ನಿನ್ನ ಕೈಗೆ ಸಿಕ್ತು. ಗೌರಿ ಹಬ್ಬಕ್ಕೆ ತವರಿಗೆ ಹೋಗು, ವಾಪಸ್ ಬರೋದು ಆಮೇಲೆ ನೋಡೋಣ ಅಂತಾನೂ ಅಂದ್ಲಂತೆ. ನಿಜಾನಾ? ತಲೆ ಆಡಿಸ್ತೀಯ... ಅಂಜನಮ್ಮ ಹಂಗಂದ್ಲಾ. ಅವಳು ಕೆಟ್ಟೋಳಲ್ಲ ಕಣಮ್ಮ. ಹಸು ಸತ್ತ ಸಂಕಟ ಅದು. ಬೆಳ್ಳಿ ಅಂದ್ರೆ ಅವಳಿಗೆ ಬರೀ ಹಸು ಆಗಿರ್ಲಿಲ್ಲ. ಗಂಡ ಹೋದ ಮೇಲೆ ಆ ಹಾಲು ಡೈರಿಗೆ ಹಾಕೇ ಅಲ್ವಾ ಕುಮಾರನ್ನ ಓದಿಸಿದ್ದು, ಬೆಳ್ಳಿಯ ಅವ್ವನ ಕಾಲದಿಂದ. ಸಂಕಟ ಬಂದಾಗ ಯಾರ ಮೇಲಾದ್ರೂ ಹಾಕ್ಬೇಕಲ್ಲ. ಅವತ್ತು ಜೋಳದ ಕಡ್ಡಿ ಹಾಕಿದೋಳು ನೀನು. ಕುಮಾರ ಮೆಚ್ಚಿ ದೊಡ್ಡಬಳ್ಳಾಪುರದಿಂದ ತಂದೋಳು, ಮಗ್ಗದ ಸದ್ದಲ್ಲಿ ಬೆಳೆದೋಳು. ದನದ ವಿಷ್ಯ ಇವಳಿಗೇನು ಗೊತ್ತು, ಎಳೇ ಜೋಳ ವಿಷ ಅಂತ ಇವಳಿಗೇನು ಗೊತ್ತು ಅಂತ ಸಲೀಸಾಗಿ ಬಂದ್ಬಿಡ್ತದೆ ಬಾಯಿಗೆ. ಹಬ್ಬ ಮುಗೀಲಿ, ಎಲ್ಲಾ ಸರಿಹೋಗ್ತದೆ.

ಯಾಕೆ ಹಂಗೆ ನೋಡ್ತೀಯ? ಸರಿಹೋಗ್ತದೆ ಅಂದ್ನಲ್ಲ. ಇರ್ಲಿ, ಆ ಮಾತು ಬಿಡು. ಈ ಹುಲ್ಲಿನ ಕತೆ ಹೇಳ್ತೀನಿ ಕೇಳು, ಮನಸ್ಸು ಹಗುರ ಆಗ್ತದೆ. ನನ್ನ ಪೆದ್ದತನ ಕೇಳಿದ್ರೆ ನಿನ್ನ ಕಷ್ಟ ನಿಂಗೆ ಸಣ್ಣದು ಅನ್ನಿಸ್ತದೆ.

ಬೈರಪ್ಪನ ಮಗಳ ಮದುವೆ ಆಯ್ತಲ್ಲ ಹೋದ ವರ್ಷ, ಏರ್‌ಪೋರ್ಟ್ ರೋಡಿನ ದೊಡ್ಡ ಮಂಟಪದಲ್ಲಿ? ಪಂಕ್ತಿಗೆ ಇನ್ನೂ ಹೊತ್ತಿತ್ತು. ಹೊರಗಡೆ ಹುಲ್ಲು ಹಾಸಿದ್ರು, ಅಲ್ಲೊಂದು ಕುರ್ಚಿ ಹಾಕ್ಕೊಂಡು ಕೂತೆ. ಹೊಸ ಚಪ್ಪಲಿ ಕಚ್ತಿತ್ತು, ಬಿಚ್ಚಿ ಕಾಲಿಟ್ಟೆ. ಅಷ್ಟೇ ನೋಡು. ಅರವತ್ತು ವರ್ಷ ಹುಲ್ಲು ತುಳ್ಕೊಂಡೇ ಬಂದೋನು ನಾನು. ಒಂದು ದಿನವಾದ್ರೂ ಹುಲ್ಲಿನ ಮೇಲೆ ಸುಮ್ನೆ ಕಾಲಿಟ್ಟು ಕೂತಿರ್ಲಿಲ್ಲ. ಎರಡು ಪಂಕ್ತಿ ಆಗೋಯ್ತು, ನಾನು ಏಳ್ಲೇ ಇಲ್ಲ. ಮೂರನೇ ಪಂಕ್ತಿಗೆ ಹೋದ್ರೆ ಹೋಳಿಗೆ ಖಾಲಿ. ನಮ್ಮನೆಯೋಳು ಅಮ್ಮಯಮ್ಮ ಇವತ್ತಿಗೂ ಆಡ್ಕೊಳ್ತಾಳೆ.

ಹೊಸ ಮನೆ ಮುಂದೆ ಬದನೆ, ಹೀರೆ ಹಾಕೋಣ ಅಂತಿದ್ಲು ಪಾಪ. ನಾನು ಕೇಳ್ಲಿಲ್ಲ. ಟೆಂಪೋದಲ್ಲಿ ಬಂತು ಹುಲ್ಲು, ಚಾಪೆ ಸುತ್ತಿದಂಗೆ ಸುತ್ಕೊಂಡು. ಅವಳು ಬಾಗಿಲಲ್ಲಿ ನಿಂತು ನೋಡಿ, "ಮೂವತ್ತು ವರ್ಷ ನನ್ನ ಸೊಂಟ ಬಗ್ಗಿಸಿ ಗರಿಕೆ ಕೀಳಿಸಿದ್ರಿ, ಈಗ ಟೆಂಪೋ ಮಾಡ್ಕೊಂಡು ತರಿಸ್ತೀರಲ್ಲ, ನಿಮಗೇನಾದ್ರೂ ಬುದ್ಧಿ ಐತಾ" ಅಂದ್ಲು. ಬುದ್ಧಿ ಇರೋನಂಗೆ ಮುಖ ಮಾಡ್ಕೊಂಡು ನಿಂತಿದ್ದೆ.

ಹುಲ್ಲು ಹಾಸಿದೋನು ಹೋಗುವಾಗ ಹೇಳ್ದ, ಯಜಮಾನ್ರೇ, ಗೊಬ್ಬರ ಹಾಕೋದಾದ್ರೆ ಚೆನ್ನಾಗಿ ಕಳಿತಿರೋದು ಜರಡಿ ಹಿಡಿದು, ಮರಳು ಬೆರೆಸಿ ತೆಳ್ಳಗೆ ಹಾಕಿ ಅಂತ. ನಂಗೆ ಕೋಪ ಬಂತು. ದ್ರಾಕ್ಷಿ ಬೆಳೆದೋನು, ರಾಗಿ ಬೆಳೆದೋನು, ಈ ಕುಂದಾಣ ಹೋಬಳೀಲಿ ನಂಗೆ ಗೊಬ್ಬರದ ಪಾಠ ಹೇಳ್ತಾನಾ ಇವನು ಅಂತ. ನಿಮ್ಮ ತಿಪ್ಪೆಯಿಂದಲೇ ಎಂಟು ಮಂಕರಿ ತಂದು, ಹಂಗೇ ಸುರಿದೆ. ನಿನಗೆ ಗೊತ್ತಲ್ಲ ಆಮೇಲೆ ಏನಾಯ್ತು ಅಂತ. ಹದಿನೈದು ದಿನಕ್ಕೆ ರಾಗಿ ಹುಟ್ತು. ರಾಗಿ, ಅಣ್ಣೆಸೊಪ್ಪು, ಅಲ್ಲೊಂದು ಇಲ್ಲೊಂದು ಹುಚ್ಚೆಳ್ಳು. ಬೈರಪ್ಪ ಗೇಟ್ ಹತ್ರ ಬೈಕ್ ನಿಲ್ಲಿಸಿ, "ಅಪ್ಪಯ್ಯಣ್ಣ, ಒಕ್ಕಣೆ ಯಾವಾಗ?" ಅಂತಾನೆ. ನಲವತ್ತು ವರ್ಷ ರಾಗಿ ಒಳಗಿಂದ ಹುಲ್ಲು ಕಿತ್ತೋನು, ಹುಲ್ಲೊಳಗಿಂದ ರಾಗಿ ಕೀಳ್ತಾ ಕುಕ್ಕುರುಗಾಲಲ್ಲಿ ಕೂತಿದ್ದೆ. ಅಮ್ಮಯಮ್ಮ ಬಂದು ಒಂದು ಮಡಿಲು ಅಣ್ಣೆಸೊಪ್ಪು ಕಿತ್ಕೊಂಡು ಹೋಗಿ ಮಸ್ಸೊಪ್ಪು ಮಾಡಿದ್ಲು. ಈ ಲಾನಿಂದ ಮನೆಗೆ ಆದ ಲಾಭ ಅದೊಂದೇ ಅಂತಾಳೆ.

ನೀರಿನ ಕತೆ ಇನ್ನೂ ಚೆನ್ನಾಗೈತೆ. ಹುಲ್ಲಿಗೆ ಬೆಳಿಗ್ಗೆ ಹೊತ್ತು ನೀರು ಹಾಕ್ಬೇಕು, ಎರಡು ದಿನಕ್ಕೊಂದ್ಸಲ, ಬೇರು ಇಳಿಯೋ ಹಂಗೆ. ಈಗ ಹೇಳ್ತೀನಿ ಇದನ್ನ, ದೊಡ್ಡ ಪಂಡಿತನಂಗೆ. ಆಗ ಏನ್ ಮಾಡ್ದೆ? ಸುತ್ತ ಬದು ಕಟ್ಟಿ ಬೋರ್ ನೀರು ಬಿಟ್ಟೆ, ಭತ್ತದ ಗದ್ದೆಗೆ ಬಿಟ್ಟಂಗೆ. ನಾಲ್ಕು ದಿನ ಕಪ್ಪೆ ಕೂಗ್ತಿದ್ವು ಇಲ್ಲಿ. ಬೇರು ಕೊಳೆತು, ಅರ್ಧ ಹುಲ್ಲು ಹಳದಿಗೆ ತಿರುಗ್ತು. ಕೊನೆಗೆ ಆ ಹುಲ್ಲಿನೋನಿಗೇ ಫೋನ್ ಮಾಡಿ, ಬೈಸ್ಕೊಂಡು, ಒಂದೊಂದೇ ಕಲ್ತೆ. ಕತ್ತರಿಸುವಾಗ ಮೂರನೇ ಒಂದು ಭಾಗ ಮಾತ್ರ ತೆಗೀಬೇಕು, ಬುಡಕ್ಕೆ ಬ್ಲೇಡ್ ಹಾಕಬಾರದು. ಬ್ಲೇಡ್ ಹರಿತ ಇರ್ಬೇಕು, ಇಲ್ದಿದ್ರೆ ಹುಲ್ಲಿನ ತುದಿ ಕಿತ್ಕೊಂಡು ಒಣಗ್ತದೆ. ಒಂದೇ ಜಾಗದಲ್ಲಿ ದಿನಾ ತುಳೀಬಾರದು. ನಾನು ಬೆಂಕಿಪೊಟ್ಟಣ ನಿಲ್ಲಿಸಿ ಹುಲ್ಲು ಅಳೀತಿದ್ದೆ ಕಣಮ್ಮ. ನೀನೇ ನೋಡಿದೀಯ ಕಾಂಪೌಂಡ್ ಆಚೆಯಿಂದ, ಸೆರಗು ಬಾಯಿಗಿಟ್ಕೊಂಡು ನಕ್ಕಿದೀಯ. ಆಗ ನಗ್ತಿದ್ದೆ ನೀನು.

ಈಗ ನೋಡು, ಗೇಣುದ್ದ ಬೆಳೆದೈತೆ. ಅದಕ್ಕೇ ಬಂದಿದೀಯ, ಗೊತ್ತು. ಇಷ್ಟು ಹಸಿರು ಇಲ್ಲಿ ಸುಮ್ನೆ ನಿಂತೈತೆ, ಪಕ್ಕದಲ್ಲಿ ತಾಯಿ ಇಲ್ಲದ ಕರು ಒಣಹುಲ್ಲು ಜಗೀತಾ ಕೂತೈತೆ. ಯಾರಿಗಾದ್ರೂ ಕೇಳೋಣ ಅನ್ನಿಸ್ತದೆ.

ಕೊಡ್ತಿದ್ದೆ ಅಲ್ವಾ ನಾನು? ಒಂದು ಭಾನುವಾರ ತಪ್ಪಿಸಿದೀನಾ? ಪೇಟೆ ಜನ ಕತ್ತರಿಸಿದ ಹುಲ್ಲನ್ನ ಕವರಿಗೆ ತುಂಬಿ ಕಸದ ಗಾಡಿಗೆ ಹಾಕ್ತಾರಂತೆ. ನನ್ನ ಕೈಯಲ್ಲಿ ಆಗಲ್ಲ ಅದು. ಹಸಿರು ಹುಲ್ಲನ್ನ ದನದ ಬಾಯಿಗೆ ಬಿಟ್ಟು ಬೇರೆ ಎಲ್ಲಿಗೂ ಹಾಕಿ ಗೊತ್ತಿಲ್ಲ ನಂಗೆ. ಭಾನುವಾರ ಬೆಳಿಗ್ಗೆ ಮಿಷನ್ ಹಗ್ಗ ಎಳೆದೆ ಅಂದ್ರೆ ಸಾಕು, ನಿಮ್ಮ ಕೊಟ್ಟಿಗೇಲಿ ಬೆಳ್ಳಿ ಅಂಬಾ ಅನ್ನೋಳು. ಮಿಷನ್ ಸದ್ದು ಕಲ್ತ್ಬಿಟ್ಟಿದ್ಲು. ಕತ್ತರಿಸಿ ಮುಗಿಯೋವರೆಗೂ ಕೂಗೋಳು, ಮಂಕರಿ ತುಂಬಿ ಕಾಂಪೌಂಡ್ ಮೇಲಿಂದ ಕೊಟ್ರೆ ನೀನು ಈಸ್ಕೊಳ್ತಿದ್ದೆ. ಒಂದೊಂದ್ಸಲ ನೀನು ಸ್ನಾನಕ್ಕೆ ಹೋಗಿದ್ರೆ ನಾನೇ ಆಚೆ ಬಗ್ಗಿ ಅವಳು ಮೇವು ತಿನ್ನೋ ಗೊಂದಿಗೆ ಸುರೀತಿದ್ದೆ.

ಬೆಳ್ಳಿ ಬಿದ್ದಳಲ್ಲ, ಅವತ್ತು... ಅವತ್ತು ಯಾರು ಈಸ್ಕೊಂಡ್ರು ಅಂತ ನಂಗೆ ನೆನಪಿಲ್ಲಮ್ಮ.

ಅವತ್ತು ಕೊಟ್ಟೆನೋ ಇಲ್ವೋ ಅದೇ ನೆನಪಿಲ್ಲ.

ಬೆಳ್ಳಿ ಬಿದ್ದಾಗ ಓಡಿ ಬಂದೋನು ಮೊದ್ಲು ನಾನೇ ಅಲ್ವಾ? ಅಷ್ಟಂತೂ ನೆನಪೈತೆ. ಅವಳ ತಲೆ ನನ್ನ ತೊಡೆ ಮೇಲಿಟ್ಕೊಂಡು ಕೂತಿದ್ದೆ, ಕೊನೇ ಉಸಿರಿನವರೆಗೂ. ಬಾಯಿಂದ ಜೊಲ್ಲು ಸುರೀತಾ ಇತ್ತು, ಮೈಯೆಲ್ಲಾ ನಡುಗ್ತಿತ್ತು. ನಿಮ್ಮತ್ತೆ ಎದೆ ಬಡ್ಕೊಳ್ತಾ, "ಏನ್ ಹಾಕ್ದೆ, ಏನ್ ಹಾಕ್ದೆ ಹೇಳು" ಅಂತ ನಿನ್ನನ್ನ ಹಿಡಿದು ಅಲ್ಲಾಡಿಸ್ತಿದ್ಲು. ನೀನು ತೆನೆ ಬಂದಿರೋ ಜೋಳನೇ ಅತ್ತೆ, ಎಳೇದಲ್ಲ, ತೆನೆ ಬಂದಿರೋದೇ ಅಂತ ಅಳ್ತಾ ಹೇಳ್ದೆ. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ಅಲ್ಲೇ ಗೊಂದೀಲಿ ಬಿದ್ದಿದ್ವು ತೆನೆ, ಮುಷ್ಟಿ ಗಾತ್ರದ್ದು. ತೆನೆ ಬಂದ ಜೋಳದಲ್ಲಿ ಎಲ್ಲಿ ವಿಷ ಇರ್ತದೆ...

ಅಂದ್ರೆ, ಹಂಗಂತಾರೆ. ನಾನೇನು ಡಾಕ್ಟ್ರಾ? ದನದ ಡಾಕ್ಟ್ರೇ ಬಂದು ನೋಡಿ, ಏನು ತಿಂದಿತ್ತು ಅಂದ್ರು. ನಿಮ್ಮತ್ತೆ ಎಳೇ ಜೋಳ ಅಂದ್ಲು. ಅವ್ರು ಅದಕ್ಕೆ ತಕ್ಕ ಇಂಜೆಕ್ಷನ್ ಕೊಟ್ರು. ಹೇಳಿದ್ದಕ್ಕೆ ತಕ್ಕಂಗೆ ತಾನೇ ಅವ್ರು ಕೊಡೋದು.

ವಾಣಿ, ಸ್ವಲ್ಪ ನೀರು ತರ್ಲಾ? ಮಜ್ಜಿಗೆ? ಅಮ್ಮಯಮ್ಮ ಸಂತೆಗೆ ಹೋಗವ್ಳೆ, ಇಲ್ದಿದ್ರೆ ಕಾಫಿ ಮಾಡ್ತಿದ್ಲು. ಬೇಡ್ವಾ. ಸರಿ.

ಒಂದು ಕೆಲಸ ಮಾಡು. ಹಿತ್ತಲಲ್ಲಿ ನಮ್ಮ ಮೆದೆ ಐತೆ, ರಾಗಿಹುಲ್ಲು, ಈ ವರ್ಷದ್ದೇ, ಚೂರೂ ನೆನೆದಿಲ್ಲ. ಎಷ್ಟು ಬೇಕೋ ಹೊರೆ ಕಟ್ಕೊಂಡು ಹೋಗು. ಹಿಂಡಿ ಮೂಟೆ ಒಂದೈತೆ, ಅದೂ ತಗೊ, ನಾನೇ ಹೊತ್ಕೊಂಡು ಬಂದು ಹಾಕ್ತೀನಿ. ಕರೂಗೆ ಅಂತ ನಾಳೆಯಿಂದ ದಿನಾ ಒಂದು ಹೊರೆ ಹಸಿಮೇವು ತರಿಸಿ ಕೊಡ್ತೀನಿ. ಏಳು ಮತ್ತೆ. ಯಾಕೆ ಏಳ್ತಾ ಇಲ್ಲ? ಇದೇ ಹುಲ್ಲು ಯಾಕೆ ಬೇಕು ನಿಂಗೆ? ಈ ಹುಲ್ಲಲ್ಲಿ ಏನೈತೆ? ಲಾನ್ ಹುಲ್ಲು ಸತ್ವ ಇಲ್ಲದ್ದು, ನೋಡಕ್ಕಷ್ಟೇ ಚಂದ. ಹೊಟ್ಟೆ ಉಬ್ಬರಿಸ್ತದೆ ಕರೂಗೆ.

ಕೊಟ್ಟಿಗೆ ಕಡೆ ಯಾಕೆ ತೋರಿಸ್ತೀಯ? ಹೌದು, ಬೆಳ್ಳಿ ಒಂದು ವರ್ಷ ತಿಂದ್ಲು. ಏನೂ ಆಗಿರ್ಲಿಲ್ಲ. ಹೌದು.

ಮೊದ್ಲಿನ ಹುಲ್ಲು ಬೇರೆ ಈಗಿಂದು ಬೇರೆ ಕಣಮ್ಮ. ಮಧ್ಯೆ ಗೊಣ್ಣೆ ಹುಳ ಬಿದ್ದಿತ್ತು. ಅಲ್ಲಲ್ಲೇ ದುಂಡಗೆ ಒಣಗ್ತಾ ಬಂತು, ಹಿಡಿದು ಎಳೆದ್ರೆ ಚಾಪೆ ಎದ್ದಂಗೆ ಏಳ್ತಿತ್ತು, ಕೆಳಗೆ ನೋಡಿದ್ರೆ ಬೆಳ್ಳಗೆ ಹೆಬ್ಬೆರಳಿನ ದಪ್ಪದ ಹುಳ. ಬೇರೆಲ್ಲಾ ತಿಂದಾಕಿದ್ವು. ಆ ಭಾನುವಾರ ಬೈರಪ್ಪ, ವೆಂಕಟರಾಮಪ್ಪ ಎಲ್ಲಾ ಲಾನ್ ನೋಡೋಕೆ ಬರ್ತೀವಿ ಅಂದಿದ್ರು. ರಾಗಿ ಬೆಳೆದೋನು ಅಂತ ನಕ್ಕಿದ್ರಲ್ಲ, ಅವರಿಗೆ ತೋರಿಸ್ಬೇಕು ಅಂತ ನಂಗೆ ಹಟ. ಅದಕ್ಕೇ ಶುಕ್ರವಾರ ಔಷಧಿ ಹೊಡೆದೆ. ಹೊಡೆದಿದ್ದೇ ಹೊಡೆದಿದ್ದು, ಮಳೆ ಬೇರೆ ಬಂತು ಆಮೇಲೆ, ಹೆಂಗೆ ಹಸಿರಾಯ್ತು ನೋಡು...

ಯಾವ ಔಷಧಿ ಅಂತ ನೋಡ್ತೀಯಾ? ಬೇವಿನ ಎಣ್ಣೆ. ಬರೀ ಬೇವಿನ ಎಣ್ಣೆ ಕಣಮ್ಮ.

ಶುಕ್ರವಾರ ಅಂದ್ನಾ ನಾನು? ಅದು ಆಮೇಲಿನ ಶುಕ್ರವಾರ. ಬೆಳ್ಳಿ ಹೋದ ಮೇಲೆ. ಮಾತಿನ ಭರದಲ್ಲಿ ಹಿಂದುಮುಂದು ಆಯ್ತು. ವಯಸ್ಸಾಯ್ತಲ್ಲ, ನಂದು ಯಾವ್ದೂ ಸರಿಯಾಗಿ ನೆನಪಿರಲ್ಲ. ನೀನು ಹಂಗೆ ನೋಡಬೇಡ ಮಗಳೇ, ಬೆಂಚಿನ ಮೇಲೆ ಕೂತು ಹಂಗೆ ನೋಡಿದ್ರೆ ನಾನೇನು ಹೇಳ್ಲಿ?

ಹಗ್ಗ ಯಾಕೆ ಸಡಿಲ ಬಿಟ್ಟೆ? ಎಳ್ಕೊ. ವಾಣಿ, ಹಗ್ಗ ಎಳ್ಕೊ. ಕರು ಬಾಯಿ ಹಾಕ್ತಿದೆ ನೋಡು, ಎಳ್ಕೊಳೇ... ಬೇಡ, ತಿನ್ನಿಸಬೇಡ, ಬಿಡು, ಬಿಡು ಹಗ್ಗಾನ ಈ ಕಡೆ, ತೆಗಿ ಬಾಯಿ, ಉಗಿ, ಉಗಿ ಅಂದ್ರೆ...

ಒಂದೆಳೆನೂ ನುಂಗಿಲ್ಲ. ಬೆರಳು ಹಾಕಿ ತೆಗ್ದೆ. ನೋಡು, ಇಲ್ಲೇ ಐತೆ ನನ್ನ ಕೈಯಲ್ಲಿ. ಔಷಧಿ ಹೊಡೆದು ಇವತ್ತಿಗೆ ಇಪ್ಪತ್ತನಾಲ್ಕು ದಿನ. ಹದಿನೈದು ದಿನ ದನ ಬಿಡಬೇಡಿ ಅಂತ ಬಾಟಲಿ ಮೇಲೆ ಬರೆದೈತೆ, ಅಂಗಡಿಯೋನು ಇಪ್ಪತ್ತೊಂದು ಅಂದಿದ್ದ. ಏನೂ ಆಗಲ್ಲ ಇದಕ್ಕೆ. ಮಳೆ ಬೇರೆ ಬಂದೈತೆ ಎರಡು ಸಲ. ಏನೂ ಆಗಲ್ಲ... ಆದ್ರೂ ಬೇಡ. ಆದ್ರೂ ನನ್ನ ಕೈಯಲ್ಲಿ ನೋಡಕ್ಕಾಗಲ್ಲ.

ನೀನು ಕರೂನ ನೋಡ್ತಾನೇ ಇರ್ಲಿಲ್ಲ. ಅಲ್ವಾ?

ನನ್ನನ್ನೇ ನೋಡ್ತಿದ್ದೆ. ಹಗ್ಗ ಬಿಟ್ಟು ನನ್ನ ಮುಖ ನೋಡ್ತಿದ್ದೆ. ಹುಲ್ಲಿಗೆ ಬಂದಿಲ್ಲ ನೀನು. ಬಂದಾಗಿಂದ ಒಂದೇ ಮಾತು ಆಡಿದೀಯ, "ಕರೂಗೆ ಒಂದು ಮಂಕರಿ ಹುಲ್ಲು ಕೊಡಿ ಮಾವ" ಅಂತ. ಕೊಟ್ಟಿದ್ರೆ ಸುಮ್ನೆ ಎದ್ದು ಹೋಗ್ತಿದ್ದೆ, ಅಪ್ಪಯ್ಯ ಮಾವನ ತಪ್ಪಿಲ್ಲ ಅಂದ್ಕೊಂಡು. ಕೊಡಲ್ಲ ಅಂತ ನಾನೇ ಒಂದು ಗಂಟೆಯಿಂದ ಒದರ್ತಾ ಇದೀನಿ.

ಮಿಷನ್ ಕೆಟ್ಟಿಲ್ಲ ಕಣಮ್ಮ. ಹಗ್ಗ ಎಳೆಯೋಕೆ ಆಗ್ತಿಲ್ಲ ನಂಗೆ. ಎಳೆದ್ರೆ ಆ ಕಡೆಯಿಂದ ಕೂಗು ಬರಲ್ವಲ್ಲ.

ಬೇವಿನ ಎಣ್ಣೆ ಅಲ್ಲ. ದ್ರಾಕ್ಷಿ ತೋಟ ಇದ್ದಾಗ ತಂದಿಟ್ಟಿದ್ದ ಔಷಧಿ, ಅಟ್ಟದ ಮೇಲೆ ಅರ್ಧ ಬಾಟಲಿ ಉಳ್ಕೊಂಡಿತ್ತು. ಯಾಕೆ ದಂಡ ಮಾಡೋದು ಅಂತ ಅದನ್ನೇ ಹೊಡೆದೆ. ಗೊತ್ತಿತ್ತು ನಂಗೆ, ದನಕ್ಕೆ ಹಾಕಬಾರದು ಅಂತ. ಭಾನುವಾರ ಬೆಳಿಗ್ಗೆ ಬೈರಪ್ಪ ಬರೋಷ್ಟರಲ್ಲಿ ಒಂದ್ಸಲ ಸವರಿಬಿಡೋಣ ಅಂತ ಮಿಷನ್ ಎಳೆದೆ. ಬೆಳ್ಳಿ ಕೂಗಿದ್ಲು. ಕೈ ತನ್ನಷ್ಟಕ್ಕೆ ಮಂಕರಿ ತುಂಬ್ತು. ತನ್ನಷ್ಟಕ್ಕೇ ಕಾಂಪೌಂಡ್ ಹತ್ರ ಹೋಯ್ತು. ನೀನಿರ್ಲಿಲ್ಲ. ನಾನೇ ಬಗ್ಗಿ ಸುರಿದೆ, ತಲೆ ಸವರಿ ಬಂದೆ. ಅವ್ರಿಗೆಲ್ಲಾ ಲಾನ್ ತೋರಿಸಿ, ಹೊಗಳಿಸ್ಕೊಂಡು, ಕಾಫಿ ಕುಡಿಸಿ ಕಳಿಸಿದೆ. ಆಮೇಲೆ ಸ್ಪ್ರೇ ಕ್ಯಾನು ತೊಳೆಯೋಕೆ ಅಂತ ಎತ್ಕೊಂಡೆ ನೋಡು, ಆ ವಾಸನೆ ಮೂಗಿಗೆ ಬಡೀತು. ಅಷ್ಟೊತ್ತಿಗೆ ನಿಮ್ಮತ್ತೆ ಕಿರುಚಿದ್ಲು.

ಓಡಿ ಬಂದಾಗ ಹೇಳೋಕೇ ಬಂದಿದ್ದೆ. ದೇವರಾಣೆ ಹೇಳೋಕೇ ಬಂದಿದ್ದೆ. ಅಷ್ಟರಲ್ಲಿ ಅವಳು ಜೋಳ ಅಂದ್ಲು. ಡಾಕ್ಟ್ರು ಹೂಂ ಅಂದ್ರು. ಔಷಧಿ ವಿಷಕ್ಕೆ ಬೇರೆ ಇಂಜೆಕ್ಷನ್ ಐತೆ ಅಂತ ನಂಗೆ ಗೊತ್ತಮ್ಮ, ದ್ರಾಕ್ಷಿ ತೋಟದಲ್ಲಿ ಗಂಗಣ್ಣನ ಎತ್ತು ಹಂಗೇ ಬಿದ್ದು ಎದ್ದಿದ್ದು ಕಣ್ಣಾರೆ ನೋಡಿದೀನಿ. ಒಂದು ಮಾತು ಸಾಕಿತ್ತು. ಔಷಧಿ ಹುಲ್ಲು ತಿಂದೈತೆ ಸಾರ್, ಅಷ್ಟೇ. ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೆ, ಬಾಯಿ ಬಿಡ್ಲಿಲ್ಲ. ಮೂವತ್ತು ವರ್ಷದಿಂದ ನಿಮ್ಮತ್ತೆಗೆ ಅಣ್ಣ ಅಂದ್ರೆ ನಾನೇ. ಒಡಹುಟ್ಟಿದೋರು ಇಲ್ಲ ಅಂತ ಪ್ರತಿ ಗೌರಿ ಹಬ್ಬಕ್ಕೂ ನನ್ನ ಮನೆ ಸೀರೆ ಉಟ್ಕೊಂಡೇ ಬಾಗಿನ ಕೊಡೋಳು. ಹಸು ಕೊಂದ ಅಣ್ಣ ಅನ್ನಿಸ್ಕೊಂಡ್ರೆ ಹಬ್ಬಕ್ಕೆ ಆ ಹೊಸಿಲು ಹೆಂಗೆ ತುಳೀಲಿ ಅಂತ... ಎರಡು ದಿನ ಹೋಗ್ಲಿ ಅಂದ್ಕೊಂಡೆ. ಆಮೇಲೆ ನಾಲ್ಕು ದಿನ. ನಿನ್ನ ಮೇಲೆ ಬಂತು ಅಂತ ಗೊತ್ತಾದಾಗಲೂ, ಮಗನ ಹೆಂಡತಿ ತಾನೇ, ಬೈದು ಸುಮ್ನಾಗ್ತಾಳೆ ಅಂದ್ಕೊಂಡೆ. ನಿನ್ನ ನೆತ್ತಿ ಮೇಲೆ ನನ್ನ ಪಾಪ ಇಟ್ಟು, ಇಲ್ಲಿ ಕೂತು ಹುಲ್ಲು ಬೆಳೆಸ್ತಿದ್ದೆ.

ಬೈಯಮ್ಮ. ಏನಾದ್ರೂ ಅನ್ನು. ಆ ಮಂಕರಿ ತಗೊಂಡು ತಲೆಗೆ ಹೊಡಿ.

ಹಗ್ಗ ಯಾಕೆ ಚಾಚ್ತೀಯ? ನನಗಾ? ನಾನು ಹಿಡ್ಕೊಂಡು ಬರ್ಬೇಕಾ, ಅಲ್ಲಿಗೆ? ಈಗಲೇನಾ? ಅಮ್ಮಯಮ್ಮ ಬರ್ಲಿ, ಅವಳನ್ನೂ ಕರ್ಕೊಂಡು... ಹಬ್ಬಕ್ಕೆ ತಂದಿರೋ ಸೀರೆ ಒಳಗೈತೆ, ಅದನ್ನಾದ್ರೂ ತಗೊಂಡು... ಬೇಡ. ಸರಿ. ಸೀರೆ ಹಿಡ್ಕೊಂಡು ಹೋಗೋ ಮುಖ ಅಲ್ಲ ಇದು.

ಕೊಡು ಹಗ್ಗ. ಹಿಡ್ಕೊಂಡೆ. ಬಾರೋ ಮರಿ. ಟೈಲ್ಸ್ ಮೇಲೆ ಯಾಕೆ ಸುತ್ತಾಕ್ಕೊಂಡು ಹೋಗ್ಬೇಕು, ನೆಟ್ಟಗೆ ಹುಲ್ಲಿನ ಮೇಲೇ ಹೋಗೋಣ, ಬಾಯಿ ಮೇಲೆತ್ತಿ ಹಿಡಿದಿರ್ತೀನಿ. ತುಳೀಲಿ ಬಿಡು. ನೀನೂ ಚಪ್ಪಲಿ ಹಾಕ್ಕೊಂಡೇ ಬಾ.

ಅಂಜನಮ್ಮ ಬಾಗಿಲಲ್ಲೇ ಕೂತವ್ಳೆ. ಇಲ್ಲ ಕಣಮ್ಮ, ನೀನು ಮುಂದೆ ಹೋಗಬೇಡ. ನೀನು ನನ್ನ ಹಿಂದೆ ಬಾ. ಅವಳು ಮೊದ್ಲು ನನ್ನ ಮುಖ ನೋಡ್ಲಿ.